ಕಾಲು ಮೊದಲು, ಕೈ ಆಮೇಲೆ: ನಿಧಾನದ ಎಸೆತಕ್ಕೆ ಬೇಸ್‌ಬಾಲ್ ಬ್ಯಾಟರ್‌ಗಳನ್ನು ತಯಾರು ಮಾಡುವ ಬಗೆ

ವೇಗವಾಗಿ ಎಸೆಯುವ ಪಿಚರ್‌ಗೆ ಸಲೀಸಾಗಿ ಹೊಡೆದ ಮಕ್ಕಳೇ, ಆಮೇಲೆ ಬಂದ ನಿಧಾನದ ಪಿಚರ್‌ಗೆ ಗಾಳಿಯಲ್ಲಿ ಬ್ಯಾಟ್ ಬೀಸಿ ಔಟಾಗುವುದನ್ನು ಬೇಸ್‌ಬಾಲ್ ಕಲಿಸುವ ಪಿ.ಟಿ. ಮೇಷ್ಟ್ರುಗಳೆಲ್ಲ ನೋಡಿರುತ್ತಾರೆ. ಅಂಚಿನಲ್ಲಿ ನಿಂತವರು "ಅಷ್ಟು ನಿಧಾನಕ್ಕೆ ಬಂದ ಚೆಂಡನ್ನೂ ಬಿಟ್ಟೆಯಲ್ಲೋ" ಎಂದು ಬೈಯುತ್ತಾರೆ. ಬೈಸಿಕೊಂಡ ಮಗು ಮುಂದಿನ ಚೆಂಡಿಗೆ ಇನ್ನಷ್ಟು ಅವಸರ ಮಾಡುತ್ತದೆ. ಬಹುಪಾಲು ಸಲ ತಪ್ಪು ಇರುವುದು ಮುಂಗಾಲಿನಲ್ಲಿ. ಕಾಲು ನೆಲ ಮುಟ್ಟುವ ಹೊತ್ತಿಗೆ ಮೈಭಾರವೂ ಕೈಯೂ ಅದರ ಜೊತೆಗೇ ಹೊರಟುಬಿಟ್ಟಿರುತ್ತವೆ. ಕಾಲಿಡುವುದೇ ಬೇರೆ, ಕೈ ಬೀಸುವುದೇ ಬೇರೆ ಎಂಬುದನ್ನು ಮೈಗೆ ಕಲಿಸಬೇಕು. ಕೆಳಗಿನ ಅಭ್ಯಾಸಗಳೆಲ್ಲ ಅದಕ್ಕಾಗಿಯೇ ಇವೆ.

ಕ್ರಿಕೆಟ್ ಕಲಿಸಿದ ಕಾಲು

ತುಮಕೂರಿನ ಜೂನಿಯರ್ ಕಾಲೇಜು ಮೈದಾನವಿರಲಿ, ಗುಬ್ಬಿ, ತಿಪಟೂರು, ಸಿರಾ ಕಡೆಯ ಹೈಸ್ಕೂಲು ಮೈದಾನವಿರಲಿ, ಅಲ್ಲಿ ಬೇಸ್‌ಬಾಲ್ ಬ್ಯಾಟ್ ಹಿಡಿಯುವ ಮಗು ಅದಕ್ಕೆ ಮೊದಲು ಕ್ರಿಕೆಟ್ ಬ್ಯಾಟ್ ಹಿಡಿದೇ ಇರುತ್ತದೆ. ಕಣ್ಣು, ಧೈರ್ಯ, ಮಣಿಕಟ್ಟಿನ ಬಲ ಎಲ್ಲವೂ ಅಲ್ಲಿಂದಲೇ ಬಂದಿರುತ್ತವೆ. ಜೊತೆಗೆ ಎರಡು ಅಭ್ಯಾಸಗಳೂ ಬಂದಿರುತ್ತವೆ, ಅವು ಇಲ್ಲಿ ಕಾಡುತ್ತವೆ.

ಒಂದು, ಫ್ರಂಟ್ ಫುಟ್. ಡ್ರೈವ್ ಮಾಡುವಾಗ ಕಾಲು ಚೆಂಡಿನ ಪಿಚ್‌ಗೆ ಹೋಗುತ್ತದೆ, ತಲೆ ಮತ್ತು ಮೈಭಾರ ಅದರ ಮೇಲೆಯೇ ಬೀಳುತ್ತವೆ. ಕ್ರಿಕೆಟ್‌ನಲ್ಲಿ ಅದೇ ಸರಿ. ಬೇಸ್‌ಬಾಲ್‌ನಲ್ಲಿ ಚೆಂಡು ಇನ್ನೂ ದಾರಿಯಲ್ಲಿರುವಾಗ ಭಾರವೆಲ್ಲ ಮುಂಗಾಲಿಗೆ ಹೋದರೆ, ಸೊಂಟ ತಿರುಗಿಸಲು ಹಿಂದೆ ಏನೂ ಉಳಿಯುವುದಿಲ್ಲ. ಆಮೇಲೆ ತೋಳಿನಿಂದ ಮಾತ್ರ ತಟ್ಟಬೇಕಾಗುತ್ತದೆ.

ಎರಡು, ಪುಟಿತ. ವೆಂಕಟೇಶ್ ಪ್ರಸಾದ್ ಅವರ ನಿಧಾನದ ಲೆಗ್ ಕಟರ್ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳನ್ನೇ ಮೋಸಗೊಳಿಸುತ್ತಿತ್ತು. ಆದರೂ ಕ್ರಿಕೆಟ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಮೇಲೇಳುವುದರಿಂದ ಲಯವನ್ನು ಹೊಂದಿಸಿಕೊಳ್ಳಲು ಒಂದು ಗುರುತು ಸಿಗುತ್ತದೆ. ಬೇಸ್‌ಬಾಲ್‌ನಲ್ಲಿ ಆ ಗುರುತು ಇಲ್ಲ. ಪಿಚರ್‌ನ ಕೈ ಬಿಟ್ಟ ಚೆಂಡು ನೇರ ಪ್ಲೇಟಿಗೇ (ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಸಿದ ಹಲಗೆ) ಬರುತ್ತದೆ.

ಕಲಿಸುವವರು ತಿಳಿದಿರಬೇಕಾದ ಲೆಕ್ಕ

ಪೂರ್ಣ ಅಳತೆಯ ಮೈದಾನದಲ್ಲಿ ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟಿನ ಹಿಂತುದಿಗೆ 18.44 ಮೀಟರ್. ಪಿಚರ್ ಮುಂದಕ್ಕೆ ಬಾಗಿ ಎಸೆಯುವುದರಿಂದ ಚೆಂಡು ಹಾರುವ ದೂರ ಸುಮಾರು 17 ಮೀಟರ್. ಗಾಳಿಯ ತಡೆಯನ್ನೂ ಸೇರಿಸಿದರೆ ಗಂಟೆಗೆ 110 ಕಿ.ಮೀ. ಎಸೆತ ಪ್ಲೇಟಿಗೆ ಬರಲು ಹತ್ತಿರ ಹತ್ತಿರ 0.58 ಸೆಕೆಂಡು, 90 ಕಿ.ಮೀ. ಎಸೆತಕ್ಕೆ 0.71 ಸೆಕೆಂಡು ಬೇಕು. ವ್ಯತ್ಯಾಸ 0.13 ಸೆಕೆಂಡು. ಕೇಳಲು ಚಿಕ್ಕದು, ಆದರೆ ಬ್ಯಾಟ್ ಹೊರಟು ಚೆಂಡಿಗೆ ತಾಗಲು ಹಿಡಿಯುವ ಹೊತ್ತೇ 0.15ರಿಂದ 0.2 ಸೆಕೆಂಡು. ಅಂದರೆ ವೇಗದ ಚೆಂಡಿನ ಲಯದಲ್ಲಿ ಬೀಸಿದರೆ, ನಿಧಾನದ ಚೆಂಡು ಬರುವಷ್ಟರಲ್ಲಿ ಬ್ಯಾಟ್ ಭುಜದ ಆಚೆ ಸುತ್ತಿ ಹೋಗಿರುತ್ತದೆ.

ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ. ನಿಧಾನದ ಚೆಂಡು ತಡವಾಗಿ ಬರುವುದಷ್ಟೇ ಅಲ್ಲ, ಕಡಿದಾಗಿಯೂ ಇಳಿಯುತ್ತದೆ. ಹೆಚ್ಚು ಹೊತ್ತು ಗಾಳಿಯಲ್ಲಿರುವ ಚೆಂಡನ್ನು ಭೂಮಿ ಹೆಚ್ಚು ಕೆಳಗೆ ಎಳೆಯುತ್ತದೆ, ಆದ್ದರಿಂದ ಪಿಚರ್ ಅದನ್ನು ಸ್ವಲ್ಪ ಮೇಲಕ್ಕೇ ಬಿಡಬೇಕು. ತಿರುಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 110ರ ಚೆಂಡು ಪ್ಲೇಟಿನ ಬಳಿ ಸುಮಾರು 9 ಡಿಗ್ರಿ ಓರೆಯಲ್ಲಿ, 90ರದು 12 ಡಿಗ್ರಿಯಲ್ಲಿ, 70ರದು 17 ಡಿಗ್ರಿಯಲ್ಲಿ ಇಳಿಯುತ್ತದೆ. ಚೆಂಡಿನ ತಲೆ ಸವರಿಕೊಂಡು ಬ್ಯಾಟ್ ಹೋಗುವುದಕ್ಕೆ ಇದೇ ಕಾರಣ. ಬೇಗ ಬೀಸಿದ ಮಗು ಚೆಂಡು ಇನ್ನೂ ಇಳಿಯಬೇಕಾದ ಎತ್ತರದಲ್ಲಿ ಬ್ಯಾಟ್ ಕಳಿಸಿರುತ್ತದೆ.

ಮೈದಾನ ಮತ್ತು ಸಾಮಾನು

ಬೆಳಗಿನ ಅಭ್ಯಾಸವಾದರೆ ಬ್ಯಾಟರ್ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವಂತೆ ಪ್ಲೇಟ್ ಇಡಿ. ಸಂಜೆಯಾದರೆ ಪೂರ್ವಕ್ಕೆ. ನಿಧಾನದ ಚೆಂಡು ಎತ್ತರದಿಂದ ಬರುವುದರಿಂದ ಸೂರ್ಯ ಎದುರಿಗಿದ್ದರೆ ಚೆಂಡು ಕಾಣದೇ ಹೋಗುತ್ತದೆ, ಮೈಗೆ ಬಡಿಯುವ ಅಪಾಯವೂ ಉಂಟು.

ಟೆನಿಸ್ ಚೆಂಡು ಎರಡು ಡಜನ್ ಇದ್ದರೆ ಮೊದಲ ಎರಡು ವಾರ ಸಾಕು. ಆದರೆ ಅದರ ತೂಕ 58 ಗ್ರಾಂ ಆಸುಪಾಸು, ಬೇಸ್‌ಬಾಲ್ ಚೆಂಡಿನದು 142ರಿಂದ 149 ಗ್ರಾಂ. ಹಗುರ ಚೆಂಡನ್ನು ಗಾಳಿ ಬೇಗ ತಡೆಯುತ್ತದೆ, ಹಾಗಾಗಿ ಅದರ ಲಯವೇ ಬೇರೆ. ಆಷಾಢದ ಗಾಳಿಯಲ್ಲಂತೂ ಎತ್ತರಕ್ಕೆ ಎಸೆದ ಟೆನಿಸ್ ಚೆಂಡು ಎಲ್ಲಿಗೋ ಹೋಗುತ್ತದೆ. ಅಂಥ ದಿನ ಟೀ (ಚೆಂಡನ್ನು ಮೇಲಿಟ್ಟು ಹೊಡೆಯುವ ಗೂಟ) ಅಭ್ಯಾಸಕ್ಕೆ ಇಳಿಯುವುದೇ ಲೇಸು. ಮೂರನೇ ವಾರದಿಂದ ನಿಜವಾದ ಚೆಂಡು ಬೇಕೇ ಬೇಕು.

ಟೀ ಕೊಳ್ಳಲು ದುಡ್ಡಿಲ್ಲದಿದ್ದರೆ ಹೀಗೆ ಮಾಡಿಕೊಳ್ಳಬಹುದು: ಪೇಂಟ್ ಬಕೆಟ್ಟಿಗೆ ಸಿಮೆಂಟು, ಜಲ್ಲಿ ತುಂಬಿ ನಡುವೆ ಒಂದು ಇಂಚಿನ ಪಿವಿಸಿ ಪೈಪು ನಿಲ್ಲಿಸಿ. ನೆಲದಿಂದ ಒಟ್ಟು ಎತ್ತರ 70 ಸೆಂ.ಮೀ. ಇರಲಿ. ಪೈಪಿನ ತುದಿಗೆ ಹಳೆಯ ಬೈಕ್ ಟ್ಯೂಬಿನ 15 ಸೆಂ.ಮೀ. ತುಂಡನ್ನು, ಅರ್ಧ ಮೇಲೆ ಚಾಚಿಕೊಂಡಿರುವಂತೆ ಬಿಗಿಯಾಗಿ ಕಟ್ಟಿ. ಬ್ಯಾಟ್ ತಾಗಿದರೆ ಟ್ಯೂಬು ಬಾಗುತ್ತದೆ, ಪೈಪು ಒಡೆಯುವುದಿಲ್ಲ.

ಎಸೆಯುವವರ ಮುಂದೆ ಬಲೆ ಇಲ್ಲದೆ ಮುಂದಿನಿಂದ ಎಸೆಯುವ ಅಭ್ಯಾಸ ಬೇಡ. ಕ್ರಿಕೆಟ್ ನೆಟ್ಟನ್ನು ಎರಡು ಪದರ ಮಾಡಿ ಕಂಬಗಳಿಗೆ ಕಟ್ಟಿದರೂ ಆದೀತು. ಬಲೆ ಚೆಂಡಿಗೆ ಹಿಗ್ಗುತ್ತದೆ, ಆದ್ದರಿಂದ ಅದರಿಂದ ಒಂದು ಮೀಟರಾದರೂ ಹಿಂದೆ ನಿಂತು, ಎಸೆದ ಕೂಡಲೇ ಮರೆಗೆ ಸರಿಯಬೇಕು. ಬ್ಯಾಟರ್‌ಗೆ ಹೆಲ್ಮೆಟ್ ಕಡ್ಡಾಯ.

ಇದರ ಜೊತೆಗೆ ಒಂದು ಪೊಟ್ಟಣ ರಂಗೋಲಿ ಪುಡಿ ತನ್ನಿ. ಗೆರೆ ಎಳೆಯುವುದಕ್ಕಿಂತ ಕಾಲಿನ ಗುಟ್ಟು ತಿಳಿಯಲು ಅದು ಬೇಕಾಗುತ್ತದೆ.

ಮೊದಲು ರೋಗ ಪತ್ತೆ ಮಾಡಿ

ಅಭ್ಯಾಸ ಶುರು ಮಾಡುವ ಮುನ್ನ ಪ್ರತಿ ಬ್ಯಾಟರ್‌ಗೂ ಹತ್ತು ನಿಧಾನದ ಚೆಂಡು ಎಸೆದು, ಎಲ್ಲಿಗೆ ಹೋಯಿತು ಎಂದು ಬರೆದುಕೊಳ್ಳಿ. ಬಲಗೈ ಬ್ಯಾಟರ್‌ನ ಹೊಡೆತ ಎಡಗಡೆ ಫೌಲ್ ಆಗುತ್ತಿದ್ದರೆ (ಗೆರೆಯಾಚೆ ಹೋಗುತ್ತಿದ್ದರೆ) ಅಥವಾ ಎಡಬದಿಯ ಮೂರನೇ ಬೇಸ್ ಕಡೆ ನೆಲದಲ್ಲಿ ಉರುಳುತ್ತಿದ್ದರೆ ಬ್ಯಾಟ್ ಬೇಗ ಬರುತ್ತಿದೆ. ಚೆಂಡಿನ ಮೇಲಿಂದ ಬ್ಯಾಟ್ ಹೋದರೂ ಅದೇ ಕಾಯಿಲೆ. ಬಲಗಡೆಗೆ ಬಲವಿಲ್ಲದ ಕ್ಯಾಚ್ ಹೋಗುತ್ತಿದ್ದರೆ ಮಗು ಕಾಯುತ್ತಿದೆ, ಆದರೆ ಬೀಸುವಾಗ ಕೈ ನಿಧಾನ ಮಾಡಿಕೊಂಡಿದೆ. ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದರೆ ಹಿಂದಿನ ಮಂಡಿ ಕುಸಿದು ಭುಜ ಇಳಿದಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲರಿಗೂ "ಕಾಯಪ್ಪ, ಕಾಯಿ" ಎಂದು ಕೂಗುತ್ತಿದ್ದರೆ ಎರಡನೆಯ, ಮೂರನೆಯ ಬಗೆಯ ಮಕ್ಕಳು ಇನ್ನೂ ಕೆಡುತ್ತಾರೆ.

ಹೆಜ್ಜೆ 1: ರಂಗೋಲಿಯ ಮೇಲೆ ಕಾಲು

ಬ್ಯಾಟರ್ ಮುಂಗಾಲು ಬಂದು ಇಳಿಯುವ ಜಾಗದಲ್ಲಿ ಒಂದು ಗೇಣು ಅಗಲಕ್ಕೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ. ಚೆಂಡು ಬೇಡ. ಮಗು ನಿಲುವು ತೆಗೆದುಕೊಂಡು, ಮೈಯನ್ನು ಹಿಂಗಾಲಿನ ಮೇಲೆ ಸ್ವಲ್ಪ ತುಂಬಿಕೊಂಡು, 15ರಿಂದ 20 ಸೆಂ.ಮೀ. ಹೆಜ್ಜೆ ಮುಂದಿಟ್ಟು ನಿಂತುಬಿಡಬೇಕು. ಕೈ ಅಲುಗಬಾರದು. "ರಂಗೋಲಿ ಅಳಿಸದ ಹಾಗೆ ಕಾಲಿಡು" ಎಂದರೆ ಸಾಕು, ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಆಮೇಲೆ ಗುರುತು ನೋಡಿ. ಹೆಬ್ಬೆರಳ ಕಡೆಯ ಅಚ್ಚು ಸ್ಪಷ್ಟವಾಗಿ ಮೂಡಿ ಹಿಮ್ಮಡಿಯ ಗುರುತು ಇಲ್ಲದಿದ್ದರೆ ಕಾಲು ಹಗುರವಾಗಿ ಇಳಿದಿದೆ. ಹಿಮ್ಮಡಿ ಒತ್ತಿದ್ದರೆ ಭಾರ ಆಗಲೇ ಮುಂದೆ ಬಂದಿದೆ. ಪುಡಿ ಎಳೆದುಕೊಂಡು ಹೋಗಿದ್ದರೆ ಕಾಲು ಜಾರುತ್ತಿದೆ, ಹೆಜ್ಜೆ ಉದ್ದವಾಗಿದೆ. ಇನ್ನೊಂದು ಪರೀಕ್ಷೆ: ನಿಂತ ಮಗುವಿನ ಮುಂಗಾಲಿನ ಹಿಮ್ಮಡಿಯ ಕೆಳಗೆ ನೋಟ್‌ಬುಕ್ಕಿನ ಹಾಳೆ ತೂರಿಸಿ ಎಳೆಯಿರಿ. ಹರಿಯದೆ ಬಂದರೆ ಸರಿ. ಆಗ ಅರ್ಧಕ್ಕಿಂತ ಹೆಚ್ಚು ಭಾರ ಹಿಂಗಾಲಿನಲ್ಲಿರುತ್ತದೆ. ದಿನಕ್ಕೆ 20 ಸಲ, ಮೂರು ದಿನ ಇದಿಷ್ಟೇ ಮಾಡಿಸಿ. ಮಕ್ಕಳಿಗೆ ಬೇಸರವಾಗುತ್ತದೆ, ಆದರೂ ಇದನ್ನು ಹಾರಿಸಿ ಮುಂದೆ ಹೋದವರು ಎರಡು ವಾರ ಬಿಟ್ಟು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಹೆಜ್ಜೆ 2: "ಕಾಲು… ಕೈ"

ಈಗ ಟೀ ಮೇಲೆ ಚೆಂಡಿಡಿ. ಚೆಂಡು ಮುಂಗಾಲಿನ ನೇರಕ್ಕೆ, ತೊಡೆಯ ಎತ್ತರಕ್ಕೆ ಇರಲಿ. ಕಾಲು ನೆಲ ಮುಟ್ಟಿದಾಗ ಮಗು ಗಟ್ಟಿಯಾಗಿ "ಕಾಲು" ಅನ್ನಬೇಕು. ನೀವು "ಕೈ" ಅಂದಾಗ ಮಾತ್ರ ಬೀಸಬೇಕು. ಮೊದಲು ಎರಡು ಸೆಕೆಂಡು ತಡೆಯಿರಿ, ಆಮೇಲೆ ಒಂದು, ಆಮೇಲೆ ಅರ್ಧ. ಕೊನೆಗೆ ಯಾವಾಗ ಅನ್ನುತ್ತೀರೆಂದು ಗೊತ್ತಾಗದ ಹಾಗೆ ಬದಲಿಸುತ್ತ ಹೋಗಿ.

ಇಲ್ಲಿ ಕಾಯುವ ಹೊತ್ತು ಬದಲಾಗಬೇಕು, ಬೀಸುವ ಬಿರುಸು ಬದಲಾಗಬಾರದು. ನಿಧಾನದ ಚೆಂಡಿಗೆ ನಿಧಾನವಾಗಿ ಬೀಸು ಎಂಬ ಸಲಹೆ ಎಷ್ಟೋ ಕಡೆ ಕೇಳಿಬರುತ್ತದೆ, ಅದು ತಪ್ಪು. ನಿಧಾನದ ಚೆಂಡಿನಲ್ಲಿ ಸ್ವಂತದ ವೇಗ ಕಡಿಮೆ. ದೂರ ಹೋಗಬೇಕೆಂದರೆ ಬ್ಯಾಟಿನ ವೇಗ ಪೂರ್ತಿ ಇರಬೇಕು.

ಕಾಯುವಾಗ ಕೈ ಪೂರ್ತಿ ಕಲ್ಲಾಗದಂತೆ ನೋಡಿಕೊಳ್ಳಿ. ಕಾಲು ಮುಂದೆ ಹೋಗುವಾಗ ಕೈ ಒಂದೆರಡು ಇಂಚು ಹಿಂದಕ್ಕೆ ಹೋದರೆ ಬೆನ್ನು, ಭುಜ ಬಿಲ್ಲಿನ ಹಗ್ಗದ ಹಾಗೆ ಎಳೆದುಕೊಂಡಿರುತ್ತವೆ. ಆ ಎಳೆತ ಇರುವವರೆಗೆ ಕಾದರೂ ಬಲ ಹೋಗುವುದಿಲ್ಲ. ಹಿಡಿಯಂತೂ ಸಡಿಲವಿರಲಿ. ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ ಹಿಡಿದ ಮಗುವಿಗೆ ಕಾಯಲು ಆಗುವುದೇ ಇಲ್ಲ.

ಹೆಜ್ಜೆ 3: ಚಿನ್ನಿದಾಂಡಿನ ಪಾಠ

ಹಾರಿದ ಚಿನ್ನಿ ಎಷ್ಟು ಎತ್ತರ ಹೋಗುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂದು ನೋಡಿ ಹೊಡೆಯುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಅದನ್ನೇ ಇಲ್ಲಿ ಬಳಸಿಕೊಳ್ಳಿ. ಮಗು ತಾನೇ ಚೆಂಡನ್ನು ತಲೆಗಿಂತ ಒಂದು ಮೊಳ ಮೇಲಕ್ಕೆ ಎಸೆದು, ಎರಡೂ ಕೈಯಿಂದ ಬ್ಯಾಟ್ ಹಿಡಿದು, ಹೆಜ್ಜೆ ಇಟ್ಟು, ಚೆಂಡು ಸೊಂಟಕ್ಕೆ ಇಳಿದ ಮೇಲೆ ಹೊಡೆಯಬೇಕು. ಭುಜದ ಎತ್ತರದಲ್ಲೇ ಹೊಡೆದರೆ ಅದು ಲೆಕ್ಕಕ್ಕಿಲ್ಲ. 15 ಚೆಂಡು ಸಾಕು.

ನಂತರ ನೀವು ಬಲೆಯ ಹಿಂದಿನಿಂದ, ಐದು ಮೀಟರ್ ದೂರದಿಂದ ಕೈಕೆಳಗಾಗಿ ಎತ್ತರಕ್ಕೆ ಎಸೆಯಿರಿ. ಚೆಂಡು ಮೂರು ಮೀಟರ್ ಎತ್ತರಕ್ಕೆ ಹೋಗಿ ಇಳಿದರೆ ಗಾಳಿಯಲ್ಲಿ ಸುಮಾರು 1.3 ಸೆಕೆಂಡು ಇರುತ್ತದೆ, ಪಂದ್ಯದ ಯಾವ ನಿಧಾನದ ಎಸೆತಕ್ಕಿಂತಲೂ ಹೆಚ್ಚು ಹೊತ್ತು. ಈ 1.3 ಸೆಕೆಂಡು ಹಿಂಗಾಲಿನ ಮೇಲೆ ನಿಲ್ಲಬಲ್ಲ ಮಗುವಿಗೆ 0.7 ಸೆಕೆಂಡು ಕಷ್ಟವಾಗದು. ಗುರಿ ಯಾವಾಗಲೂ ಪಿಚರ್ ಬೆನ್ನ ಹಿಂದಿರುವ ಎರಡನೇ ಬೇಸ್ ಮತ್ತು ಅದರ ಬಲಬದಿ (ಎಡಗೈಯವರಿಗೆ ಎಡಬದಿ). ಅಲ್ಲೊಂದು ಗೋಣಿಚೀಲ ಹಾಸಿ ಗುರಿ ತೋರಿಸಿ. ಆ ಕಡೆ ಹೊಡೆಯಬೇಕೆಂದರೆ ಚೆಂಡನ್ನು ಒಳಗೆ ಬರಗೊಡಲೇಬೇಕು.

ಫ್ರಂಟ್ ಫುಟ್ ಬಿಡದ ಕ್ರಿಕೆಟ್ ಮಕ್ಕಳಿಗೆ ನಡುವೆ ಒಂದು ಮೆಟ್ಟಿಲು ಹಾಕಿಕೊಡಬಹುದು. ಟೆನಿಸ್ ಚೆಂಡನ್ನು ಪ್ಲೇಟಿಗಿಂತ ಎರಡು ಮೀಟರ್ ಮೊದಲು ಒಂದು ಪುಟ ಪುಟಿಸಿ ಎಸೆಯಿರಿ. ಪುಟಿಯುವಾಗ "ಕಾಲು", ಎದ್ದು ಬಂದಾಗ "ಕೈ". ಗೊತ್ತಿರುವ ಆಟದ ಲಯದ ಮೇಲೆ ಹೊಸ ಲಯ ಕೂರುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇದರಲ್ಲೇ ಉಳಿಯಬೇಡಿ, ಪುಟಿತವನ್ನೇ ನೆಚ್ಚಿಕೊಂಡುಬಿಡುತ್ತಾರೆ.

ಹೆಜ್ಜೆ 4: ಬೀಸದೆ ನೋಡುವುದು

ಪಿಚರ್‌ಗಳು ಅಭ್ಯಾಸ ಮಾಡುವಾಗ ಬ್ಯಾಟರ್ ಹೆಲ್ಮೆಟ್ ಹಾಕಿ ಪ್ಲೇಟಿನ ಪಕ್ಕ ನಿಲ್ಲಲಿ. ಹೊಡೆಯುವಂತಿಲ್ಲ. ಹೆಜ್ಜೆ ಇಟ್ಟು, ಚೆಂಡು ಅರ್ಧ ದಾರಿಗೆ ಬರುವ ಮೊದಲೇ "ವೇಗ" ಅಥವಾ "ನಿಧಾನ" ಎಂದು ಕೂಗಬೇಕು.

ಏನು ನೋಡಬೇಕು? ಕೈಯಿಂದ ಹೊರಟ ಚೆಂಡು ಸ್ವಲ್ಪ ಮೇಲಕ್ಕೆ ಎದ್ದಂತೆ ಕಂಡರೆ ಅದು ನಿಧಾನದ್ದು ಅಥವಾ ಕರ್ವ್ (ಬಾಗಿ ಇಳಿಯುವ ಎಸೆತ). ಎಳೆಯ ಪಿಚರ್‌ಗಳು ನಿಧಾನದ ಚೆಂಡಿಗೆ ತೋಳನ್ನೂ ನಿಧಾನ ಮಾಡಿಬಿಡುತ್ತಾರೆ, ಅದು ಎಲ್ಲಕ್ಕಿಂತ ಸುಲಭದ ಸುಳಿವು. ಪಳಗಿದವರು ಹಾಗೆ ಮಾಡುವುದಿಲ್ಲ. ಚೇಂಜ್‌ಅಪ್‌ನಲ್ಲಿ (ವೇಗದ್ದರಂತೆ ಕಾಣುವ ನಿಧಾನದ ಎಸೆತ) ಚೆಂಡನ್ನು ಬೆರಳ ತುದಿಯ ಬದಲು ಅಂಗೈಯೊಳಗೆ ಕೂರಿಸಿ, ತೋಳನ್ನು ಅದೇ ಬಿರುಸಿನಲ್ಲಿ ಬೀಸುತ್ತಾರೆ. ತೋಳು ನೋಡಿದವರು ಮೋಸ ಹೋಗುತ್ತಾರೆ. ಅದಕ್ಕೇ ಮಕ್ಕಳ ಕಣ್ಣು ಪಿಚರ್‌ನ ಮುಖ, ಎದೆಯಿಂದ ಸರಿದು, ಚೆಂಡು ಬಿಡುವ ಜಾಗದಲ್ಲಿ, ಅಂದರೆ ಟೋಪಿಯ ಪಕ್ಕದ ಒಂದು ಚೌಕದಲ್ಲಿ ನೆಡಬೇಕು. ಒಬ್ಬೊಬ್ಬರಿಗೆ 20 ಎಸೆತ. ಹತ್ತರಲ್ಲಿ ಏಳು ಸರಿ ಹೇಳಿದ ಮೇಲೆ ಬ್ಯಾಟ್ ಬೀಸಲು ಬಿಡಿ.

ಹೆಜ್ಜೆ 5: ಬೆರಕೆ ಎಸೆತ

ಪೂರ್ತಿ ದೂರದಿಂದ ಸರಿಯಾಗಿ ಎಸೆಯುವವರು ನಮ್ಮ ಶಾಲೆಗಳಲ್ಲಿ ಅಪರೂಪ. ಚಿಂತೆ ಬೇಡ, ಹತ್ತಿರದಿಂದ ಎಸೆದು ಅದೇ ಹೊತ್ತನ್ನು ತರಬಹುದು. ನಿಮ್ಮ ಕೈಯಿಂದ ಪ್ಲೇಟಿಗೆ 9.5 ಮೀಟರ್ ಇದ್ದರೆ, ಗಂಟೆಗೆ ಸರಾಸರಿ 59 ಕಿ.ಮೀ. ವೇಗದ ಎಸೆತ 0.58 ಸೆಕೆಂಡಿಗೆ, 48ರದು 0.71 ಸೆಕೆಂಡಿಗೆ ತಲುಪುತ್ತದೆ. ವೇಗ ಅಳೆಯುವ ಯಂತ್ರ ಬೇಕಿಲ್ಲ. ಮೊಬೈಲಿನಲ್ಲಿ ಸೆಕೆಂಡಿಗೆ 30 ಚಿತ್ರಗಳ ಮಾಮೂಲಿ ವಿಡಿಯೋ ತೆಗೆದು, ಚೆಂಡು ಕೈ ಬಿಟ್ಟಾಗಿನಿಂದ ಪ್ಲೇಟಿಗೆ ಬರುವವರೆಗೆ ಒಂದೊಂದೇ ಚಿತ್ರ ಸರಿಸಿ ಎಣಿಸಿ. 17 ಬಂದರೆ ವೇಗದ್ದು, 21 ಬಂದರೆ ನಿಧಾನದ್ದು. ಮಕ್ಕಳನ್ನು ಕರೆಯುವ ಮೊದಲು ಈ ಎರಡು ಎಸೆತ ನಿಮ್ಮ ಕೈಗೆ ಕೂರಲಿ, ಮತ್ತು ಎರಡಕ್ಕೂ ತೋಳಿನ ಬೀಸು ಒಂದೇ ಥರ ಕಾಣಲಿ.

ಮೊದಲ ದಿನ ಐದು ವೇಗದ್ದು, ಐದು ನಿಧಾನದ್ದು, ಹೇಳಿ ಎಸೆಯಿರಿ. ಎರಡನೇ ದಿನ ಒಂದು ಬಿಟ್ಟು ಒಂದು. ಮೂರನೇ ದಿನದಿಂದ ಹೇಳದೆ ಕೇಳದೆ, ಹತ್ತರಲ್ಲಿ ಮೂರು ನಿಧಾನದ್ದು. ಮೂರು ವೇಗ, ಒಂದು ನಿಧಾನ ಎಂಬ ಸರದಿ ಹಿಡಿದರೆ ಮಕ್ಕಳು ಚೆಂಡು ನೋಡುವುದು ಬಿಟ್ಟು ಸರದಿ ಎಣಿಸುತ್ತಾರೆ. ಅದನ್ನು ತಪ್ಪಿಸಲು ಹತ್ತು ಚೀಟಿ ಬರೆದು ಜೇಬಿಗೆ ಹಾಕಿಕೊಂಡು ಒಂದೊಂದಾಗಿ ತೆಗೆದು ಎಸೆಯುವುದು ಒಳ್ಳೆಯ ಉಪಾಯ.

ಬ್ಯಾಟರ್‌ಗೆ ಒಂದೇ ನಿಯಮ: ಹೆಜ್ಜೆ ಯಾವಾಗಲೂ ವೇಗದ ಚೆಂಡಿನ ಲಯಕ್ಕೆ. ವೇಗದ್ದೇ ಬಂದರೆ ಮನಸ್ಸಿನಲ್ಲಿ "ಕಾಲುಕೈ" ಕೂಡಿಕೊಂಡು ಬರುತ್ತದೆ, ನಿಧಾನದ್ದಾದರೆ "ಕಾಲೂ… ಕೈ" ಎಂದು ಎಳೆಯುತ್ತದೆ. ನಿಧಾನಕ್ಕೆ ಕಾಯುತ್ತ ನಿಂತವರಿಗೆ ವೇಗದ ಚೆಂಡು ಸಿಕ್ಕುವುದಿಲ್ಲ. ವೇಗಕ್ಕೆ ಸಿದ್ಧರಾದವರು ಕೈ ತಡೆದು ನಿಧಾನದ್ದನ್ನು ಹೊಡೆಯಬಹುದು. ಒಬ್ಬರಿಗೆ ಒಂದು ಸರದಿಗೆ ಹತ್ತು ಚೆಂಡು, ಒಂದು ದಿನಕ್ಕೆ ನಾಲ್ಕು ಸರದಿ. ಅದಕ್ಕಿಂತ ಹೆಚ್ಚಾದರೆ ಹಿಂಗಾಲು ದಣಿದು ಭಾರ ತಾನಾಗಿ ಮುಂದೆ ಬೀಳುತ್ತದೆ, ಕಲಿತದ್ದು ಕೆಡುತ್ತದೆ.

ಎಲ್ಲಿ ಕೆಡುತ್ತದೆ

ಕಾಯುವುದನ್ನು ಹೇಳಿಕೊಟ್ಟ ವಾರದಲ್ಲಿ ಕಾಣುವ ಹೊಸ ತಪ್ಪೆಂದರೆ ಹಿಂದಕ್ಕೆ ಒರಗುವುದು. ಭಾರ ಹಿಂದಿರಲಿ ಅಂದದ್ದಕ್ಕೆ ಮಗು ತಲೆಯನ್ನೇ ಹಿಂಗಾಲಿನ ಆಚೆಗೆ ಒಯ್ದಿರುತ್ತದೆ. ಆಗ ಬ್ಯಾಟ್ ಕೆಳಗಿಂದ ಮೇಲಕ್ಕೆ ಗೋರಿ ಚೆಂಡು ಆಕಾಶಕ್ಕೆ ಹೋಗುತ್ತದೆ. ತಲೆ ಎರಡು ಪಾದಗಳ ನಡುವೆ ಇರಬೇಕು, ಬೀಸುವಾಗ ಭಾರ ಮುಂಗಾಲಿಗೆ ಬಂದೇ ಬರಬೇಕು. ಕಾಯುವುದು ಬೀಸುವವರೆಗೆ ಮಾತ್ರ.

ಇನ್ನು ಕೆಲವರು ಅರ್ಧ ಬೀಸಿ, ತಡೆದು, ಮತ್ತೆ ಬೀಸುತ್ತಾರೆ. ಕೈ ಹೊರಟ ಮೇಲೆ ತಡೆಯುವುದರಿಂದ ಹೀಗಾಗುತ್ತದೆ. ಎರಡನೇ ಹೆಜ್ಜೆಗೆ ಮರಳಿ, ಎರಡು ಸೆಕೆಂಡಿನ ತಡೆಯಿಂದ ಮತ್ತೆ ಶುರು ಮಾಡಿ. ಬ್ಯಾಟ್ ಭಾರವಾಗಿದ್ದರೂ ಇದೇ ಆಗುತ್ತದೆ, ಏಕೆಂದರೆ ಭಾರದ ಬ್ಯಾಟನ್ನು ಸಮಯಕ್ಕೆ ತರಲು ಮಗು ಬೇಗ ಹೊರಡಲೇಬೇಕು. 10ರಿಂದ 12 ವರ್ಷದವರಿಗೆ 28ರಿಂದ 30 ಇಂಚು ಉದ್ದ, ಅರ್ಧ ಕೆ.ಜಿ.ಗಿಂತ ಸ್ವಲ್ಪವೇ ಹೆಚ್ಚು ತೂಕದ ಬ್ಯಾಟ್ ಸಾಕು. ಶಾಲೆಯಲ್ಲಿರುವ ಒಂದೇ ದೊಡ್ಡ ಬ್ಯಾಟನ್ನು ಎಲ್ಲರಿಗೂ ಕೊಡುವುದಾದರೆ, ಹಿಡಿಯನ್ನು ಎರಡು ಬೆರಳು ಮೇಲೆ ಹಿಡಿಸಿ.

ಪಂದ್ಯದ ದಿನ

ಇಡೀ ಪಂದ್ಯ ನಿಧಾನವಾಗಿಯೇ ಎಸೆಯುವ ಪಿಚರ್ ಬೇರೆ, ವೇಗದ ನಡುವೆ ನಿಧಾನ ಬೆರೆಸುವ ಪಿಚರ್ ಬೇರೆ. ಬೆರೆಸುವವರಿಗೆ ಐದನೇ ಹೆಜ್ಜೆಯ ನಿಯಮವೇ ನಡೆಯುತ್ತದೆ. ಬರೀ ನಿಧಾನದವರಿಗೆ ಎರಡು ಬದಲಾವಣೆ ಮಾಡಿಸಿ. ಹೆಜ್ಜೆಯನ್ನೇ ತಡವಾಗಿ ಶುರು ಮಾಡಲಿ: ಪಿಚರ್‌ನ ಕಾಲು ಎತ್ತಿದಾಗ ಹೊರಡುತ್ತಿದ್ದವರು, ಆ ಕಾಲು ಕೆಳಗಿಳಿಯುವಾಗ ಹೊರಡಲಿ. ಮತ್ತು ಬ್ಯಾಟರ್ ತಾನು ನಿಲ್ಲುವ, ಗೆರೆ ಎಳೆದ ಚೌಕದ ಮುಂಭಾಗಕ್ಕೆ ಬರಲಿ. ಚೌಕ 1.83 ಮೀಟರ್ ಉದ್ದವಿದೆ. 60 ಸೆಂ.ಮೀ. ಮುಂದೆ ಬಂದರೆ 65–70 ಕಿ.ಮೀ. ಚೆಂಡು ಸುಮಾರು 0.03 ಸೆಕೆಂಡು ಬೇಗ ಸಿಗುತ್ತದೆ, ಅದಕ್ಕಿಂತ ಮುಖ್ಯವಾಗಿ, ಪೂರ್ತಿ ಇಳಿಯುವ ಮೊದಲೇ ಸಿಗುತ್ತದೆ. ಸ್ಟ್ರೈಕ್ (ಹೊಡೆಯದೆ ಬಿಟ್ಟರೂ ಬ್ಯಾಟರ್ ವಿರುದ್ಧ ಎಣಿಸುವ ಸರಿಯಾದ ಎಸೆತ) ಲೆಕ್ಕ ಮಾತ್ರ ಪ್ಲೇಟಿನ ಮೇಲೆ ಹಾದುಹೋಗುವ ಎತ್ತರಕ್ಕೇ ನಡೆಯುತ್ತದೆ. ಹಾಗಾಗಿ ಮುಂದೆ ನಿಂತ ಮಗುವಿಗೆ ಎದೆಯ ಮೇಲೆ ಕಂಡ ಚೆಂಡು ಪ್ಲೇಟಿಗೆ ಬರುವಷ್ಟರಲ್ಲಿ ಸ್ಟ್ರೈಕ್ ಎತ್ತರಕ್ಕೆ ಇಳಿದಿರಬಹುದು ಎಂದು ಮೊದಲೇ ಹೇಳಿಡಿ.

ಮುಂದಿನ ಸರದಿಯ ಬ್ಯಾಟರ್ ಕಾಯುವ ಜಾಗದಲ್ಲಿ ಸುಮ್ಮನೆ ನಿಲ್ಲಬಾರದು. ಪಿಚರ್‌ನ ಪ್ರತಿ ಎಸೆತಕ್ಕೂ ಅಲ್ಲಿಂದಲೇ ಹೆಜ್ಜೆ ಇಟ್ಟು "ಕಾಲು… ಕೈ" ಎಂದು ಲಯ ಹಿಡಿಯಲಿ, ಪ್ಲೇಟಿನ ಹಿಂದೆ ಕೂರುವ ಕ್ಯಾಚರ್‌ನ ಕೈಗವಸಿಗೆ ಚೆಂಡು ಬಿದ್ದ ಸದ್ದು "ಕೈ"ಗೆ ಕೂಡುತ್ತದೆಯೇ ನೋಡಿಕೊಳ್ಳಲಿ. ಐದಾರು ಎಸೆತಕ್ಕೆ ಲಯ ಸಿಕ್ಕಿರುತ್ತದೆ. ಮುಂದೆ ಬಂದು ನಿಂತದ್ದನ್ನು ಕಂಡು ಪಿಚರ್ ಒಳಬದಿಗೆ ವೇಗದ ಚೆಂಡು ಹಾಕತೊಡಗಿದರೆ, ಒಂದು ಅಡಿ ಹಿಂದೆ ಸರಿದು, ಹೆಜ್ಜೆಯನ್ನು ಮತ್ತೆ ಪಿಚರ್ ಕಾಲೆತ್ತುವ ಹೊತ್ತಿಗೆ ತಂದುಕೊಳ್ಳಬೇಕು.